ಕಾಣಿಕೆಯ ಲೆಕ್ಕ ಮತ್ತು ಚರ್ಚಿನ ತಂತ್ರಾಂಶ: ಅಮೆರಿಕದ ಅರ್ಧ ಶತಮಾನ

ಸದಸ್ಯರ ಕಾಣಿಕೆಯನ್ನು ಗಣಕಯಂತ್ರದಲ್ಲಿ ದಾಖಲಿಸಿ, ಯಾವ ಮನೆಯವರು ಎಷ್ಟು, ಯಾವಾಗ, ಯಾವ ಉದ್ದೇಶಕ್ಕೆ ಕೊಡುತ್ತಾರೆಂಬ ಕ್ರಮವನ್ನು ಗುರುತಿಸುವ ಕೆಲಸಕ್ಕೆ ಅಮೆರಿಕದ ಚರ್ಚುಗಳಲ್ಲಿ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ. ಸದಸ್ಯರ ಪಟ್ಟಿ, ಹಾಜರಿ, ಕಾಣಿಕೆ, ಲೆಕ್ಕಪತ್ರಗಳನ್ನು ಒಂದೇ ಕಡೆ ಇಡುವ ಚರ್ಚ್ ನಿರ್ವಹಣಾ ತಂತ್ರಾಂಶವನ್ನು ಇತ್ತೀಚಿನ ಬರಹಗಳು ಮೊಬೈಲ್ ಪಾವತಿಯ ಜೊತೆ ಹುಟ್ಟಿದ ಹೊಸ ಸಾಧನವೆಂಬಂತೆ ವರ್ಣಿಸುತ್ತವೆ. ಮುಂದಿನ ಕಾಣಿಕೆ ಯಾರಿಂದ ಎಷ್ಟು ಬಂದೀತೆಂದು ಮುಂಗಾಣುವುದೇ ಅದರ ಮುಖ್ಯ ಪ್ರಯೋಜನವೆಂದೂ ಹೇಳುತ್ತವೆ. ಈ ಎರಡು ಮಾತುಗಳೂ ಸರಿಯಲ್ಲ. ಕಾಣಿಕೆಯ ಪುಸ್ತಕ ಮೊದಲಿನಿಂದಲೂ ಮನೆಗಳ ಸ್ಥಿತಿಗತಿಯ ಪುಸ್ತಕವಾಗಿತ್ತು, ಅದನ್ನು ಹಾಗೆ ಓದಬಲ್ಲವರು ಚರ್ಚಿನ ಲೆಕ್ಕದ ಮೇಜಿನ ಬಳಿಯೇ ಇದ್ದರು, ಮತ್ತು ಅವರ ತಿಳಿವಳಿಕೆಯಲ್ಲಿ ತಂತ್ರಾಂಶಕ್ಕೆ ಇಳಿದದ್ದೆಷ್ಟು, ಹೊರಗುಳಿದದ್ದೆಷ್ಟು ಎಂಬುದೇ ಈ ಕ್ಷೇತ್ರದ ಬೆಳವಣಿಗೆಯನ್ನು ಅಳೆಯುವ ಸರಿಯಾದ ಮಾನದಂಡ.

ತಂತ್ರಾಂಶಕ್ಕೆ ಹಿಂದಿನ ಕಾಲವನ್ನು ಬೇಗ ದಾಟಬಹುದು. ಕನೆಕ್ಟಿಕಟ್ 1818ರಲ್ಲಿ, ಮ್ಯಾಸಚೂಸೆಟ್ಸ್ 1833ರಲ್ಲಿ ಚರ್ಚಿಗೆಂದು ತೆರಿಗೆ ಎತ್ತುವ ಪದ್ಧತಿಯನ್ನು ಕೈಬಿಟ್ಟ ಮೇಲೆ ಅಮೆರಿಕದ ಸಭೆಗಳೆಲ್ಲ ಸದಸ್ಯರ ಸ್ವಇಚ್ಛೆಯ ಹಣವನ್ನೇ ನಂಬಬೇಕಾಯಿತು. ಪೀಠಬಾಡಿಗೆ, ಅಂದರೆ ಆರಾಧನೆಯಲ್ಲಿ ಕೂರುವ ಬೆಂಚಿಗೆ ಕುಟುಂಬವೊಂದು ವರ್ಷಕ್ಕಿಷ್ಟೆಂದು ಕೊಡುತ್ತಿದ್ದ ಬಾಡಿಗೆ, 19ನೆಯ ಶತಮಾನದ ದೊಡ್ಡ ಆದಾಯವಾಗಿತ್ತು. ಅದರ ಜಾಗಕ್ಕೆ ವರ್ಷದ ಆರಂಭದಲ್ಲಿ ಬರೆದುಕೊಡುವ ವಾಗ್ದಾನವೂ ವಾರಕ್ಕೊಂದು ಲಕೋಟೆಯೂ ಬಂದವು. 20ನೆಯ ಶತಮಾನದ ಆರಂಭದ ಜೋಡಿಲಕೋಟೆಯಲ್ಲಿ ಒಂದು ಜೇಬು ಸ್ಥಳೀಯ ಖರ್ಚಿಗೆ, ಇನ್ನೊಂದು ಮಿಷನ್ ಕೆಲಸಕ್ಕೆ ಮೀಸಲಾಗಿತ್ತು. 1917ರಲ್ಲಿ ದಾನದ ಮೊತ್ತವನ್ನು ತೆರಿಗೆಗೊಳಪಡುವ ಆದಾಯದಿಂದ ಕಳೆಯಲು ಕಾಯ್ದೆ ಅವಕಾಶ ಕೊಟ್ಟಿತು. ಈ ಕಾಲದ ಕಥೆಯನ್ನು ಜೇಮ್ಸ್ ಹಡ್ನಟ್-ಬ್ಯೂಮ್ಲರ್ 2007ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಹೇಳಿದ್ದಾರೆ.

ನಿಜವಾದ ಬೆಳವಣಿಗೆ 1970ರ ದಶಕದ ಕೊನೆಗೆ ಶುರುವಾಯಿತು. ಟೆನೆಸಿಯ ಮೆಂಫಿಸ್‌ನ ಶೆಲ್ಬಿ ಸಿಸ್ಟಮ್ಸ್, ದಕ್ಷಿಣ ಕ್ಯಾರೊಲಿನಾದ ಫ್ಲಾರೆನ್ಸ್‌ನ ಎಸಿಎಸ್, ಆಮೇಲೆ ಸಣ್ಣ ಸಭೆಗಳಿಗೂ ಕೈಗೆಟಕುವ ಬೆಲೆಯ ಪವರ್‌ಚರ್ಚ್ ಇವುಗಳನ್ನು ಕಟ್ಟಿದವರು ಚರ್ಚಿನ ಕಚೇರಿಯ ಕೆಲಸವನ್ನು ಹತ್ತಿರದಿಂದ ಕಂಡಿದ್ದರೆಂಬುದಕ್ಕೆ ಆ ತಂತ್ರಾಂಶಗಳ ಪರದೆಗಳೇ ಸಾಕ್ಷಿ. ಲಕೋಟೆ ಸಂಖ್ಯೆಗೊಂದು ಅಂಕಣ, ವಾಗ್ದಾನದ ಮೊತ್ತಕ್ಕೊಂದು ಅಂಕಣ, ಹಣ ಸೇರಬೇಕಾದ ನಿಧಿಗೊಂದು ಅಂಕಣ ಇದ್ದವು, ಮತ್ತು ಕಾಣಿಕೆ ವ್ಯಕ್ತಿಯ ಹೆಸರಿಗಿಂತ ಹೆಚ್ಚಾಗಿ ಮನೆಯ ಹೆಸರಿಗೆ ಜಮೆಯಾಗುತ್ತಿತ್ತು. ಭಾನುವಾರ ಇಬ್ಬರು ಸ್ವಯಂಸೇವಕರು ಒಟ್ಟಿಗೆ ಕೂತು ಲಕೋಟೆ ಬಿಚ್ಚಿ, ಒಳಗಿನ ಮೊತ್ತವನ್ನು ಲಕೋಟೆಯ ಮೇಲೆ ಬರೆದು, ನಗದು ಬೇರೆ ಚೆಕ್ ಬೇರೆ ಮಾಡಿ, ಕೂಡುವ ಯಂತ್ರದ ಕಾಗದದ ಸುರುಳಿಯಲ್ಲಿ ಮೊತ್ತ ತೆಗೆಯುತ್ತಿದ್ದರು. ಸೋಮವಾರ ಲೆಕ್ಕದವರು ಒಂದೊಂದೇ ಲಕೋಟೆಯನ್ನು ಗಣಕಕ್ಕೆ ಏರಿಸುವಾಗ ಕೊನೆಯ ಮೊತ್ತ ಆ ಸುರುಳಿಯ ಮೊತ್ತಕ್ಕೆ ತಾಳೆಯಾಗದೆ ಆ ವಾರದ ಲೆಕ್ಕ ಮುಚ್ಚುತ್ತಿರಲಿಲ್ಲ. ಪ್ರತಿ ಮನೆಯ ಲಕೋಟೆಯೂ ಹೀಗೆ ವಾರಕ್ಕೊಮ್ಮೆ ಒಬ್ಬ ಮನುಷ್ಯನ ಕಣ್ಣ ಮುಂದೆ ಹಾದುಹೋಗುತ್ತಿದ್ದುದರಿಂದ, ಮೂರು ವಾರ ಬಾರದ ಲಕೋಟೆಯ ಹಿಂದೆ ಕೆಲಸ ಹೋದದ್ದೋ, ಆಸ್ಪತ್ರೆಯೋ, ಮನಸ್ತಾಪವೋ ಇದೆಯೆಂದು ಊಹಿಸಿ ಸಭಾಪಾಲಕರ ಕಿವಿಗೆ ಹಾಕುವುದು ಲೆಕ್ಕದವರಿಗೆ ಸಾಧ್ಯವಿತ್ತು. ಈ ತಲೆಮಾರಿನ ತಂತ್ರಾಂಶ ನಿಧಾನವಾಗಿತ್ತು ನಿಜ, ಆದರೆ ಅದರಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡಿದ ವ್ಯವಸ್ಥೆ ಆಮೇಲೆ ಬರಲಿಲ್ಲ.

ತಂತ್ರಾಂಶವನ್ನು ಅನಿವಾರ್ಯ ಮಾಡಿದ್ದು ತೆರಿಗೆ ಕಾಯ್ದೆ. 1993ರ ತಿದ್ದುಪಡಿಯಂತೆ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿಯೊಂದು ಕೊಡುಗೆಗೂ, ವಿನಾಯಿತಿ ಬೇಕಾದರೆ, ಪಡೆದ ಸಂಸ್ಥೆಯ ಲಿಖಿತ ರಸೀದಿ ಇರಬೇಕಾಯಿತು. 2006ರ ಪಿಂಚಣಿ ಸಂರಕ್ಷಣಾ ಕಾಯ್ದೆ ಎಷ್ಟೇ ಸಣ್ಣ ನಗದು ಕೊಡುಗೆಗೂ ಬ್ಯಾಂಕ್ ದಾಖಲೆ ಅಥವಾ ಲಿಖಿತ ಪತ್ರವನ್ನು ಕಡ್ಡಾಯಗೊಳಿಸಿತು. ಹಾಗಾಗಿ ಪ್ರತಿ ಜನವರಿಯಲ್ಲಿ ಪ್ರತಿ ಮನೆಗೂ ವರ್ಷದ ಕಾಣಿಕೆಯ ವಿವರಪತ್ರ ಕಳುಹಿಸುವ ಹೊಣೆ ಚರ್ಚಿನ ಮೇಲೆ ಬಿತ್ತು. ಭಾರತದಲ್ಲಿ ಒಂದೇ ಧಾರ್ಮಿಕ ಸಮುದಾಯಕ್ಕೆ ಮೀಸಲಾದ ಸಂಸ್ಥೆಗಳಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ವಿನಾಯಿತಿ ಸಾಮಾನ್ಯವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಕರ್ನಾಟಕದ ಸಭೆಗಳಲ್ಲಿ ಹುಂಡಿಗೂ ಕಾಣಿಕೆ ತಟ್ಟೆಗೂ ಬಿದ್ದ ಹಣವನ್ನು ಹೆಸರು ಹಿಡಿದು ಬರೆದಿಡಲು ಇಂಥ ಒತ್ತಡ ಹುಟ್ಟಲಿಲ್ಲ. ಅಮೆರಿಕದ ತಂತ್ರಾಂಶವನ್ನು ಇಲ್ಲಿಗೆ ಹಾಗೆಯೇ ತರಬಹುದೆಂದು ಎಣಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಇದೇ ಕಾಲದಲ್ಲಿ ಸಂಶೋಧನೆಯೂ ಬೆಳೆಯಿತು. ಇಲಿನಾಯ್‌ನ ಷಾಂಪೇನ್‌ನಿಂದ ಜಾನ್ ಮತ್ತು ಸಿಲ್ವಿಯಾ ರಾನ್ಸ್‌ವಾಲ್ ದಂಪತಿ, ತಲಾ ಆದಾಯದಲ್ಲಿ ಚರ್ಚಿಗೆ ಬರುವ ಪಾಲು 1968ರಿಂದೀಚೆಗೆ ಇಳಿಯುತ್ತಿರುವುದನ್ನು ಪಂಗಡಗಳ ವರದಿಗಳಿಂದ ಸತತವಾಗಿ ತೋರಿಸಿದರು. ಡೀನ್ ಹೋಗ್ ಮತ್ತು ಸಂಗಡಿಗರ 1996ರ ಅಧ್ಯಯನ ಐದು ಪಂಗಡಗಳ 625 ಸಭೆಗಳನ್ನು ಪರಿಶೀಲಿಸಿತು. ಸಭೆಯ ಬಹುಪಾಲು ಹಣ ಕೆಲವೇ ಮನೆಗಳಿಂದ ಬರುವ ಅಸಮತೆಯನ್ನು ಆಧಾರಸಹಿತ ಚರ್ಚೆಗೆ ತಂದ ಹಿರಿಮೆ ಹೋಗ್ ಅವರದು. ಸುಮಾರು ಐದನೆಯ ಒಂದು ಭಾಗದ ಮನೆಗಳು ಮುಕ್ಕಾಲಿಗೂ ಹೆಚ್ಚು ಹಣ ಕೊಡುತ್ತವೆಂಬ ಈ ಮಾತು ವಿವರಣೆಯಾಗಿತ್ತು. ಮಾರಾಟಗಾರರ ಕೈಯಲ್ಲಿ ಅದು ಆ ಐದನೆಯ ಒಂದು ಭಾಗವನ್ನು ಓಲೈಸಬೇಕೆಂಬ ಸಲಹೆಯಾಗಿ ಬದಲಾದದ್ದು ಈ ಕ್ಷೇತ್ರಕ್ಕಾದ ದೊಡ್ಡ ಹಾನಿ. ಕ್ರಿಶ್ಚಿಯನ್ ಸ್ಮಿತ್, ಮೈಕೆಲ್ ಎಮರ್ಸನ್ ಮತ್ತು ಪೆಟ್ರೀಷಿಯಾ ಸ್ನೆಲ್ 2008ರಲ್ಲಿ ಐದರಲ್ಲಿ ಒಬ್ಬರಾದರೂ ಅಮೆರಿಕನ್ ಕ್ರೈಸ್ತರು ಏನನ್ನೂ ಕೊಡುವುದಿಲ್ಲವೆಂದು ಬರೆದರು. ಕೊಟ್ಟವರನ್ನೇ ದಾಖಲಿಸುವ ತಂತ್ರಾಂಶದ ಪರದೆಯಲ್ಲಿ ಈ ಜನ ಕಾಣಿಸುವುದೇ ಇಲ್ಲ.

2000ದ ನಂತರ ತಂತ್ರಾಂಶ ಅಂತರ್ಜಾಲಕ್ಕೆ ಬಂತು. ಟೆಕ್ಸಾಸ್‌ನ ಫೆಲೋಶಿಪ್ ಚರ್ಚಿನ ಒಳಗಿಂದ ಫೆಲೋಶಿಪ್ ಒನ್ ಬೆಳೆಯಿತು, ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಪುಷ್‌ಪೇ ಮೊಬೈಲ್ ಕಾಣಿಕೆಯನ್ನು ದೊಡ್ಡ ಸಭೆಗಳಿಗೆ ಮುಟ್ಟಿಸಿ 2019ರ ಕೊನೆಗೆ ಚರ್ಚ್ ಕಮ್ಯುನಿಟಿ ಬಿಲ್ಡರ್ ಎಂಬ ಚರ್ಚ್ ನಿರ್ವಹಣಾ ತಂತ್ರಾಂಶದ ಕಂಪನಿಯನ್ನು ಕೊಂಡಿತು, 2020ರ ಕೋವಿಡ್ ಉಳಿದವರನ್ನೂ ಆ ದಾರಿಗೆ ತಳ್ಳಿತು. ಇದರೊಂದಿಗೆ ನಿಧಿಸಂಗ್ರಹ ವೃತ್ತಿಯ ಅಳತೆಗಳೂ ಬಂದವು: ಕೊನೆಯ ಕೊಡುಗೆ ಬಂದು ಎಷ್ಟು ಕಾಲವಾಯಿತು, ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಒಟ್ಟು ಎಷ್ಟಾಗುತ್ತದೆ ಎಂಬ ಮೂರನ್ನು ಸೇರಿಸಿ ಪ್ರತಿ ಮನೆಗೂ ಅಂಕ ಕೊಡುವ ಪದ್ಧತಿ ಅವುಗಳಲ್ಲಿ ಮುಖ್ಯವಾದದ್ದು. ರಾಕ್ ಎಂಬ ತಂತ್ರಾಂಶ ಹನ್ನೆರಡು ತಿಂಗಳಲ್ಲಿ ನಾಲ್ಕು ಸಲವಾದರೂ, ಕೊನೆಯ ಆರು ವಾರಗಳಲ್ಲಿ ಒಮ್ಮೆಯಾದರೂ ಕೊಟ್ಟ ಕುಟುಂಬವನ್ನು ನಿಯತವಾಗಿ ಬರುವ ಕುಟುಂಬವೆಂದು ಅಂದಾಜಿಸುತ್ತದೆ. ಕಾಣಿಕೆಯ ಜೊತೆಗೆ ಹಾಜರಿಯನ್ನೂ ಅದು ಪರಿಗಣಿಸುವುದು ಮೆಚ್ಚಬೇಕಾದ ಅಂಶ.

ಅಂಕ ಕೊಡುವ ಪದ್ಧತಿ ಎಲ್ಲಿ ಎಡವುತ್ತದೆಂಬುದನ್ನು ಕೆಲವು ಸಂದರ್ಭಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಎಪ್ಪತ್ತೂವರೆ ವರ್ಷ ದಾಟಿದವರು ನಿವೃತ್ತಿ ಖಾತೆಯಿಂದ ನೇರವಾಗಿ ಚರ್ಚಿಗೆ ಹಣ ಕಳುಹಿಸಲು 2006ರ ಕಾಯ್ದೆ ಅವಕಾಶ ಕೊಟ್ಟಿತು, 2015ರಲ್ಲಿ ಅದು ಕಾಯಂ ಆಯಿತು. ಆ ಚೆಕ್ ಬರುವುದು ಖಾತೆ ನಿರ್ವಹಿಸುವ ಸಂಸ್ಥೆಯಿಂದ. ಲೆಕ್ಕದವರು ಅದನ್ನು ಕೊಟ್ಟವರ ಮನೆಗೆ ಜೋಡಿಸದಿದ್ದರೆ ಮೂವತ್ತು ವರ್ಷ ವಾರವಾರ ಕೊಟ್ಟ ವೃದ್ಧರು ಪರದೆಯಲ್ಲಿ ಕೈಬಿಟ್ಟವರಾಗುತ್ತಾರೆ. ಗಂಡ ತೀರಿಕೊಂಡಾಗ ದಾಖಲೆಯನ್ನು ಒಟ್ಟಿಗೆ ಮುಂದುವರಿಸದೆ ಹೆಂಡತಿಯ ಹೆಸರಿನಲ್ಲಿ ಹೊಸ ಖಾತೆ ತೆರೆದರೆ, ಸತ್ತವರಿಗೆ ಕಾಣಿಕೆ ನಿಂತಿತೆಂಬ ಎಚ್ಚರಿಕೆಯೂ ವಿಧವೆಗೆ ಹೊಸ ದಾನಿಗೆಂದು ಬರೆದ ಸ್ವಾಗತ ಪತ್ರವೂ ತಾವಾಗಿ ಹೊರಡುತ್ತವೆ. ಇವಕ್ಕಿಂತ ಗಂಭೀರವಾದದ್ದು ಸ್ವಯಂಚಾಲಿತ ಕಾಣಿಕೆಯದು. ತಿಂಗಳಿಗೊಮ್ಮೆ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಹಣ, ಆ ಮನೆಯವರು ಆರಾಧನೆಗೆ ಬರುವುದನ್ನು ನಿಲ್ಲಿಸಿ ಎಷ್ಟೋ ತಿಂಗಳಾದ ಮೇಲೂ ಹಾಗೆಯೇ ಬರುತ್ತಿರುತ್ತದೆ. ಲಕೋಟೆಯ ಕಾಲದಲ್ಲಿ ಗೈರುಹಾಜರಿಯೂ ಕಾಣಿಕೆಯ ನಿಲುಗಡೆಯೂ ಒಟ್ಟಿಗೆ ಕಾಣುತ್ತಿದ್ದವು. ಈಗ ಕ್ರಮ ಎಷ್ಟು ಅಚ್ಚುಕಟ್ಟಾಗಿದೆಯೋ ಮನೆಯ ಕಷ್ಟವನ್ನು ಅದು ಅಷ್ಟೇ ಚೆನ್ನಾಗಿ ಮರೆಮಾಡಬಲ್ಲದು.

ಈ ಅಂಕಿಗಳನ್ನು ಯಾರು ನೋಡಬೇಕೆಂಬ ವಾದ ಹಳೆಯದು. ಯಾರು ಎಷ್ಟು ಕೊಡುತ್ತಾರೆಂದು ಸಭಾಪಾಲಕರು ತಿಳಿಯಲೇಬಾರದೆಂಬ ಪಕ್ಷ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಗುಪ್ತದಾನದ ಬೋಧನೆಯನ್ನು ಮುಂದಿಡುತ್ತದೆ. ತಿಳಿಯದೆ ಆರೈಕೆ ಮಾಡುವುದು ಹೇಗೆಂದು ಇನ್ನೊಂದು ಪಕ್ಷ ಕೇಳುತ್ತದೆ. ಮೊತ್ತವನ್ನು ಮುಚ್ಚಿಟ್ಟು, ಕ್ರಮ ಬದಲಾದ ಮನೆಗಳ ಹೆಸರನ್ನಷ್ಟೇ ಸಭಾಪಾಲಕರಿಗೆ ತಿಳಿಸುವ ಮಧ್ಯಮಾರ್ಗ ಎರಡೂ ಪಕ್ಷಗಳ ಕಾಳಜಿಗೆ ಉತ್ತರವಾಗಬಲ್ಲದು, ಹಾಗಿದ್ದೂ ಅದಕ್ಕೆ ಸಿಕ್ಕ ಗಮನ ತೀರ ಕಡಿಮೆ.

ಇನ್ನೂ ಆಗದ ಕೆಲಸ ಬಹಳವಿದೆ. ತಂತ್ರಾಂಶಕ್ಕೆ ಕೊಟ್ಟ ಹಣ ಗೊತ್ತು, ಕೊಟ್ಟವರ ಆದಾಯ ಗೊತ್ತಿಲ್ಲ. ಆದ್ದರಿಂದ ದಶಮಾಂಶ ಕೊಡುವ ದಿನಗೂಲಿಯವರು ಕೆಳಗಿನ ಸಾಲಿನಲ್ಲೂ ಆದಾಯದ ನೂರರಲ್ಲೊಂದು ಪಾಲು ಕೊಡುವ ವೈದ್ಯರು ಮೇಲಿನ ಸಾಲಿನಲ್ಲೂ ನಿಲ್ಲುತ್ತಾರೆ. ತಟ್ಟೆಗೆ ಬಿದ್ದ ಹೆಸರಿಲ್ಲದ ನೋಟು ಯಾವ ಮನೆಯ ಕ್ರಮಕ್ಕೂ ಸೇರುವುದಿಲ್ಲ, ನಗದನ್ನೇ ನೆಚ್ಚಿದ ವಲಸೆಗಾರರ ಸಣ್ಣ ಸಭೆಗಳು ಈ ಚರ್ಚೆಯಲ್ಲಿ ಬರುವುದೇ ಅಪರೂಪ. ಇದುವರೆಗಿನ ಅಧ್ಯಯನಗಳು ಬಹುಮಟ್ಟಿಗೆ ಪಂಗಡಗಳ ಒಟ್ಟು ಮೊತ್ತವನ್ನೋ ಪ್ರಶ್ನಾವಳಿಯ ಉತ್ತರಗಳನ್ನೋ ನೆಚ್ಚಿವೆ; ದಶಕಗಳ ಕಾಲ ಲೆಕ್ಕದವರು ವಾರವಾರ ಏರಿಸಿದ ಮನೆಮಟ್ಟದ ದಾಖಲೆ ಚರ್ಚುಗಳ ಗಣಕಗಳಲ್ಲಿ ಚದುರಿಹೋಗಿದೆ. ಸಭೆಯೊಂದು ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅನೇಕ ವೇಳೆ ಇತ್ತೀಚಿನ ಕೆಲವು ವರ್ಷಗಳ ಲೆಕ್ಕವನ್ನಷ್ಟೇ ಸಾಗಿಸಿ, ಹಳೆಯದನ್ನು ವರ್ಷಕ್ಕೊಂದು ಮೊತ್ತವಾಗಿ ಕುಗ್ಗಿಸುವುದರಿಂದ, ಒಂದು ಮನೆ ಮಗುವಿನ ದೀಕ್ಷಾಸ್ನಾನದ ವರ್ಷ ಹೇಗೆ ಕೊಟ್ಟಿತು, ಕಾರ್ಖಾನೆ ಮುಚ್ಚಿದ ವರ್ಷ ಹೇಗೆ ಕೊಟ್ಟಿತು ಎಂದು ವಾರದ ಲೆಕ್ಕದಲ್ಲಿ ತಿಳಿಯಬಹುದಾಗಿದ್ದ ಸಾಲುಗಳು ಪ್ರತಿ ಬದಲಾವಣೆಯಲ್ಲೂ ಅಳಿಯುತ್ತಿವೆ.