ಗಟ್ಟಿ ನೆಲದ ಹುಡುಕಾಟ: ನೀರೊಳಗಿನ ಬುನಾದಿಗಳು ಬೆಳೆದ ಬಗೆ

ನರಗುಂದಕ್ಕೆ ಕಡಲು ದೂರ. ಆದರೂ ದೀಪಸ್ತಂಭ ಕಟ್ಟುವವರ ಮೊದಲ ಪ್ರಶ್ನೆ ಇಲ್ಲಿನ ಗೌಂಡಿಗಳಿಗೆ ಹೊಸದಲ್ಲ: ಗಟ್ಟಿ ನೆಲ ಎಷ್ಟು ಆಳಕ್ಕಿದೆ? ಗುಡ್ಡದ ಮಗ್ಗುಲಲ್ಲಿ ಬಂಡೆ ಬೇಗ ಸಿಗುತ್ತದೆ. ಎರಿ ಹೊಲಗಳತ್ತ ಇಳಿದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ದಾಟಿ ಗರಸಿನವರೆಗೆ ಅಗೆಯಬೇಕು. ನೀರೊಳಗಿನ ಬುನಾದಿಗೆ ಇರುವ ಹೆಸರುಗಳೆಲ್ಲ ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ.

ಹಳೆಯ ಉತ್ತರ ಬಂಡೆ. ಕಾರವಾರದಾಚೆಯ ದ್ವೀಪದಲ್ಲಿ 1864ರಲ್ಲಿ ಬೆಳಗಿದ ಆಯ್ಸ್ಟರ್ ರಾಕ್ ದೀಪ, 1901ರ ಕಾಪು ದೀಪಸ್ತಂಭ ಎರಡೂ ಬಂಡೆಯ ಮೇಲೆಯೇ ನಿಂತಿವೆ. ಅಲೆ ಅಪ್ಪಳಿಸುವ ಬಂಡೆಯ ಮೇಲೆ ಕಟ್ಟುವ ವಿದ್ಯೆಗೆ ದಾರಿ ತೋರಿದವನು ಇಂಗ್ಲೆಂಡಿನ ಜಾನ್ ಸ್ಮೀಟನ್. 1756–59ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟುವಾಗ ಅವನು ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವ ಡವ್‌ಟೇಲ್ ಜೋಡಣೆಯನ್ನೂ ನೀರಲ್ಲೇ ಗಟ್ಟಿಯಾಗುವ ಸುಣ್ಣವನ್ನೂ ಬಳಸಿದ. ನಮ್ಮಲ್ಲಿ ಸುಣ್ಣಕ್ಕೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಬೆರೆಸಿ ಅರೆದ ಗಾರೆಗೂ ಇದೇ ಗುಣವಿದೆ. ಎಡ್ಡಿಸ್ಟೋನ್‌ನಲ್ಲಿ ಕೊನೆಗೆ ಸೋತದ್ದು ಗೋಪುರವಲ್ಲ, ಅದರಡಿಯ ಬಂಡೆ. ಅದು ಸವೆದದ್ದರಿಂದ 1882ರಲ್ಲಿ ಪಕ್ಕದಲ್ಲೇ ಹೊಸ ಸ್ತಂಭ ಎದ್ದಿತು.

ಬಂಡೆಯೇ ಸಿಗದ ಮರಳಿಗೆ ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ಸ್ಕ್ರೂ ಪೈಲ್ ತಂದ. ತುದಿಯಲ್ಲಿ ಅಗಲವಾದ ತಿರುಪಿನ ಅಲಗಿರುವ ಕಬ್ಬಿಣದ ಕಂಬ ಅದು, ತಿರುಗಿಸಿದಂತೆ ನೆಲಕ್ಕಿಳಿಯುತ್ತದೆ. 1838ರಲ್ಲಿ ಥೇಮ್ಸ್ ನದಿಮುಖದ ಮೇಪ್ಲಿನ್ ಮರಳದಿಬ್ಬದಲ್ಲಿ ಇಂಥ ಕಂಬಗಳನ್ನು ಇಳಿಸಲಾಯಿತು. ಭರೂಚ್ ಬಳಿ ನರ್ಮದೆಯ ರೈಲು ಸೇತುವೆಗೂ ಇವೇ ಬಂದವು. ಆದರೆ ಪ್ರವಾಹಗಳು ಅದನ್ನು ಮತ್ತೆ ಮತ್ತೆ ಮುರಿದವು. 1881ರಲ್ಲಿ ಬೇರೆ ಸೇತುವೆಯೇ ಬೇಕಾಯಿತು.

ನಮ್ಮ ನದಿಗಳಿಗೆ ಒಗ್ಗಿದ್ದು ಬಾವಿ ಬುನಾದಿ. ಕುಡಿಯುವ ನೀರಿನ ಬಾವಿ ತೋಡುವವರ ಕೈಚಳಕವೇ ಇದರ ಮೂಲ. ಕೆಳಗೆ ಚೂಪು ಅಂಚಿನ ಬಳೆ, ಅಂದರೆ ಕರ್ಬ್. ಅದರ ಮೇಲೆ ಸುತ್ತುಗೋಡೆ, ಅಂದರೆ ಸ್ಟೀನಿಂಗ್. ಒಳಗಿನ ಮಣ್ಣು ತೆಗೆದಂತೆ ಗೋಡೆ ತನ್ನ ಭಾರಕ್ಕೇ ಕುಸಿಯುತ್ತ ಇಳಿಯುತ್ತದೆ. ಇಳಿಯದಿದ್ದರೆ ಮೇಲೆ ಭಾರ ಹೇರಬೇಕು. ಒಂದು ಕಡೆ ವಾಲಿದರೆ ಟಿಲ್ಟ್, ಜಾಗ ಬಿಟ್ಟು ಸರಿದರೆ ಶಿಫ್ಟ್. ಗಟ್ಟಿ ತಳ ಮುಟ್ಟಿದ ಮೇಲೆ ಟ್ರೆಮಿ ಕೊಳವೆಯಿಂದ ನೀರಿನಡಿಯಲ್ಲೇ ಕಾಂಕ್ರೀಟ್ ಸುರಿದು ಬುಡ ಮುಚ್ಚುತ್ತಾರೆ; ಅದು ಬಾಟಮ್ ಪ್ಲಗ್. ರೂರ್ಕಿ ಬಳಿಯ ಸೋಲಾನಿ ಮೇಲ್ಗಾಲುವೆಯನ್ನು 1854ರ ವೇಳೆಗೆ ಇಂಥ ಬಾವಿಗಳ ಮೇಲೆಯೇ ನಿಲ್ಲಿಸಲಾಗಿತ್ತು.

ನೀರನ್ನೇ ಹೊರಗಿಡಲು ಎರಡು ದಾರಿ. ನೀರು ಆಳವಿಲ್ಲದಲ್ಲಿ ಸುತ್ತ ತಾತ್ಕಾಲಿಕ ಒಡ್ಡು ಕಟ್ಟಿ ಒಳಗಿನದನ್ನು ಪಂಪಿನಿಂದ ಬಸಿಯುವುದು ಕಾಫರ್‌ಡ್ಯಾಮ್. ಆಳವಿದ್ದಲ್ಲಿ ಬುಡ ತೆರೆದ ದೊಡ್ಡ ಪೆಟ್ಟಿಗೆ ಇಳಿಸಿ, ಒತ್ತಡದ ಗಾಳಿ ತುಂಬಿ ಕೆಲಸಗಾರರನ್ನು ಒಳಗೆ ಕಳುಹಿಸುವುದು ನ್ಯುಮ್ಯಾಟಿಕ್ ಕೇಸನ್. ಜರ್ಮನಿಯ ರೋಟರ್‌ಸ್ಯಾಂಡ್‌ನಲ್ಲಿ 1881ರ ಮೊದಲ ಕೇಸನ್ ಬಿರುಗಾಳಿಗೆ ಹಾಳಾಯಿತು. ಎರಡನೆಯದರ ಮೇಲೆ 1885ರಲ್ಲಿ ದೀಪ ಹೊತ್ತಿತು. ಒತ್ತಡದಿಂದ ಥಟ್ಟನೆ ಹೊರಬಂದವರಿಗೆ ತಗಲುವ ಕೇಸನ್ ಕಾಯಿಲೆ ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್‌ನನ್ನೂ ಹಾಸಿಗೆ ಹಿಡಿಸಿತು.

ಈಗ ಕೊರೆದು ಹಾಕುವ ಕಾಂಕ್ರೀಟ್ ಪೈಲ್‌ಗಳ ಕಾಲ. ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಮಣ್ಣಿಗೆಂದೇ ಹದಗೊಳಿಸಿತು. ಮೇಲಿನ ಮಣ್ಣು ಉಬ್ಬಿದರೂ ಅಗಲಿಸಿದ ಬುಡ ಮನೆಯನ್ನು ಹಿಡಿದಿಡುತ್ತದೆ.

ಹೊಳೆಯ ಕೆಲಸದಲ್ಲಿ ಮಾತ್ರ ಗಟ್ಟಿ ನೆಲದ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ: ಸ್ಕವರ್, ಅಂದರೆ ಹರಿವು ಕಂಬದ ಬುಡದ ಮಣ್ಣನ್ನು ಕೊರೆಯುವುದು. 1930ರಲ್ಲಿ ಜೆರಾಲ್ಡ್ ಲೇಸಿ ಕೊಟ್ಟ ಸೂತ್ರ ಇಂದಿಗೂ ಭಾರತದ ಸೇತುವೆಗಳಲ್ಲಿ ಬಳಕೆಯಲ್ಲಿದೆ. ಪ್ರವಾಹದ ಮಟ್ಟದಿಂದ ಅಳೆದ ಗರಿಷ್ಠ ಕೊರೆತದ ಆಳಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ ಬಾವಿ ಇಳಿಸುವುದು ರೂಢಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಬಳಿ ಹೆದ್ದಾರಿ ಕಡಿದುಹೋದದ್ದನ್ನು ಕಂಡ ತಾಲ್ಲೂಕಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ಬುನಾದಿಯ ಆಳವನ್ನು ಬೇಸಿಗೆಯ ಒಣ ಪಾತ್ರದಿಂದ ಅಳೆಯುವಂತಿಲ್ಲ.