ನಾಲೆಯ ಹಿಂದೆಯೇ ಬಂದ ಚಳಿಜ್ವರ

ಮಂಡ್ಯ ಸೀಮೆಯ ಭತ್ತ, ಕಬ್ಬಿನ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1930ರ ದಶಕದಲ್ಲಿ ಕನ್ನಂಬಾಡಿ ಅಣೆಕಟ್ಟಿನ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು. ರಾಗಿ ಹೊಲಗಳು ಗದ್ದೆಗಳಾದವು. ಹಿಂದೆಯೇ ಮಲೇರಿಯಾವೂ ಬಂತು.

ಊರಿನ ಕೊಳಚೆಯೇ ಇದಕ್ಕೆ ಕಾರಣವೆಂದುಕೊಂಡರೆ ತಪ್ಪು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಬೇಕಾದದ್ದು ತಿಳಿನೀರು: ನಾಲೆಯಂಚಿನ ಜೌಗು, ತೂಬಿನ ಸೋರಿಕೆ, ಹೊಸದಾಗಿ ನೀರು ಕಟ್ಟಿದ ಗದ್ದೆ. ಸಮೃದ್ಧಿ ಎಲ್ಲಿತ್ತೋ ಕಾಯಿಲೆಯೂ ಅಲ್ಲೇ ಮೊಟ್ಟೆಯಿಟ್ಟಿತ್ತು.

ಅದೃಷ್ಟಕ್ಕೆ, ನಾಲೆಗಿಂತ ಮೊದಲೇ, 1929ರಲ್ಲಿ, ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆದಿತ್ತು. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಬರಲೆಂದು ಕಾಯದೆ, ಕಾಯಿಲೆಯನ್ನು ಹಳ್ಳಿಯಲ್ಲೇ ತಡೆಯುವುದು ಇಂಥ ಘಟಕಗಳ ಉದ್ದೇಶ. ಜನನ-ಮರಣದ ಲೆಕ್ಕ, ದೇವಿ ಹಾಕುವುದು (ಸಿಡುಬಿನ ಲಸಿಕೆ), ಬಾಣಂತಿಯರ ಆರೈಕೆ, ಕಕ್ಕಸು, ಕುಡಿಯುವ ನೀರು ಎಲ್ಲವೂ ಈ ಬಗೆಯ ಕೆಲಸಕ್ಕೆ ಸೇರಿದ್ದವು. ಕಕ್ಕಸಿನ ಮಾತು ಸಣ್ಣದಲ್ಲ. ಬಯಲಿನ ಮಲದಿಂದ ಹುಟ್ಟಿದ ಕೊಕ್ಕೆಹುಳು ಬರಿಗಾಲಿನ ಚರ್ಮ ತೂರಿ ಒಳಹೊಕ್ಕು ರಕ್ತ ಹೀರುತ್ತಿತ್ತು.

ಮುಂದೆ, 1953ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆಗಿನ ಮುಖ್ಯ ಅಸ್ತ್ರ ಡಿಡಿಟಿ. ಅದನ್ನು ಸಿಂಪಡಿಸುತ್ತಿದ್ದುದು ಗದ್ದೆಗಲ್ಲ, ಮನೆಯೊಳಗಿನ ಗೋಡೆಗೆ: ರಕ್ತ ಕುಡಿದ ಸೊಳ್ಳೆ ದಣಿವಾರಿಸಿಕೊಳ್ಳಲು ಕೂರುವುದು ಅಲ್ಲೇ.