ಪಡುಕೋಣೆ ಕಳಚಿದ ಹೆಸರು

1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲೊಂದು ಅವಘಡವಾಯಿತು. ಹೆಸರು ಆಗಿಬರಲಿಲ್ಲವೆಂದು ಮನೆಯವರು ಅದನ್ನು ಗುರುದತ್ತ ಎಂದು ಬದಲಿಸಿದರು. ಅಡ್ಡಹೆಸರು ಕುಂದಾಪುರದ ಕಡೆಯ ಊರಿನದು, ಪಡುಕೋಣೆ. ಚಿತ್ರಾಪುರ ಸಾರಸ್ವತರಲ್ಲಿ ಊರೇ ಅಡ್ಡಹೆಸರಾಗುವುದು ವಾಡಿಕೆ.

ಮುಂಬೈ ಚಿತ್ರರಂಗದಲ್ಲಿ ಪಡುಕೋಣೆ ಕಳಚಿತು. ಉಳಿದ ಒಂದು ಹೆಸರು ತೆರೆಯ ಮೇಲೆ ಎರಡಾಗಿ ಒಡೆದು ‘ಗುರು ದತ್’ ಆಯಿತು. ದತ್ ಬಂಗಾಳದಲ್ಲಿ ಮನೆತನದ ಹೆಸರು. ಅವರು ಬೆಳೆದದ್ದು ಕಲ್ಕತ್ತದಲ್ಲಿ, 1953ರಲ್ಲಿ ಮದುವೆಯಾದದ್ದು ಗಾಯಕಿ ಗೀತಾ ರಾಯ್ ಅವರನ್ನು. ಬಂಗಾಳಿಯೆಂದೇ ಹಲವರು ನಂಬಿದರು.

ಹೆಸರು ವ್ಯಕ್ತಿಯನ್ನು ರೂಪಿಸುತ್ತದೆಯೋ ಇಲ್ಲವೋ, ನೋಡುವವರ ಊಹೆಯನ್ನಂತೂ ರೂಪಿಸುತ್ತದೆ. 1957ರ ‘ಪ್ಯಾಸಾ’ದಲ್ಲಿ ಅವರೇ ಅಭಿನಯಿಸಿದ ಕವಿ ವಿಜಯ್ ಸತ್ತನೆಂದು ಲೋಕ ನಂಬುತ್ತದೆ. ಬದುಕಿದ್ದಾಗ ದೂರ ತಳ್ಳಿದವರೇ ಆ ಹೆಸರಿನಿಂದ ಹಣ ಮಾಡಲು ಹೊರಡುತ್ತಾರೆ. ಕೊನೆಗೆ ಅವನು ತುಂಬಿದ ಸಭೆಯಲ್ಲಿ ನಿಂತು, ತಾನು ಆ ವಿಜಯ್ ಅಲ್ಲವೆನ್ನುತ್ತಾನೆ. ಅಷ್ಟು ಹೊತ್ತಿಗೆ ಹೆಸರು ಪರರ ಸೊತ್ತಾಗಿತ್ತು.

1964ರ ಅಕ್ಟೋಬರ್ 10ರಂದು ಗುರುದತ್ ಮುಂಬೈಯಲ್ಲಿ ತೀರಿಕೊಂಡರು. ಆಗ ಅವರಿಗೆ 39 ವರ್ಷ. ಮುಂದೆ ತಾಯಿ ವಾಸಂತಿ ಪಡುಕೋಣೆ ಮಗನ ಬದುಕನ್ನು ಕನ್ನಡದಲ್ಲಿ ಬರೆದರು. ಪುಸ್ತಕದ ಹೆಸರು ‘ನನ್ನ ಮಗ ಗುರುದತ್ತ’. ಅಲ್ಲಿ ಆ ಹೆಸರು ಇಡಿಯಾಗಿದೆ, ಮನೆಯಲ್ಲಿ ಇಟ್ಟಂತೆ.